ಲಾರಿಯ ಪೆಟ್ಟಿಗೆ ಕೊಡುವ ಅಂಕ: ಚಾಲಕನದೆಷ್ಟು, ಮಾಲೀಕರದೆಷ್ಟು?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಯಜಮಾನರು ತೀರಿಕೊಂಡ ಮೇಲೆ ಲೆಕ್ಕಪತ್ರ, ಲಾರಿಗಳ ಉಸ್ತುವಾರಿ ಎರಡೂ ನನ್ನದೇ. ಒಟ್ಟು ಒಂಬತ್ತು ಲಾರಿ. ಐದು ಬೆಂಗಳೂರಿಗೆ ಅಕ್ಕಿ ಒಯ್ಯುತ್ತವೆ, ನಾಲ್ಕು ಕಾರಟಗಿ, ಸಿಂಧನೂರು ಕಡೆಯಿಂದ ಭತ್ತ ತರುತ್ತವೆ. ಕಳೆದ ಸುಗ್ಗಿಯಲ್ಲಿ ನಮ್ಮ ಲಾರಿಯೊಂದು ರಾತ್ರಿ ಹೊತ್ತಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿ ಚಾಲಕನ ಕಾಲು ಮುರಿಯಿತು. ಆಮೇಲೆ ಮಗ ಎಲ್ಲ ಲಾರಿಗಳಿಗೂ ಗಾಡಿಯ ಓಟವನ್ನು ದಾಖಲಿಸುವ ಟೆಲಿಮ್ಯಾಟಿಕ್ಸ್ ಪೆಟ್ಟಿಗೆ ಹಾಕಿಸಿದ. ದಿನಾ ಬೆಳಿಗ್ಗೆ ಒಬ್ಬೊಬ್ಬ ಚಾಲಕನ ಅಂಕ ಮೊಬೈಲ್‌ಗೆ ಬರುತ್ತದೆ. ಯಜಮಾನರ ಕಾಲದಿಂದ ನಮ್ಮಲ್ಲಿರುವ ಹಿರಿಯ ಚಾಲಕರನ್ನು ಮನೆಯ ಮಕ್ಕಳೆಲ್ಲ ಕಾಕಾ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಗಾಡಿಗೆ ಒಂದು ಗೀರು ಬೀಳಿಸಿದವರಲ್ಲ. ಅವರಿಗೆ ನೂರಕ್ಕೆ 54 ಅಂಕ. ಹೋದ ವರ್ಷ ಸೇರಿದ ಹುಡುಗನಿಗೆ 91. ಗಕ್ಕನೆ ಬ್ರೇಕ್ ಹಾಕಿದ್ದಕ್ಕೆಲ್ಲ ಬತ್ತಾದಲ್ಲಿ, ಅಂದರೆ ದಿನದ ಭತ್ಯೆಯಲ್ಲಿ, ಹಣ ಹಿಡಿಯೋಣ ಎಂದು ಮಗ ಹೇಳುತ್ತಾನೆ. ಚಾಲಕರು ಇದನ್ನು ಗೂಢಚಾರಿಕೆ ಎನ್ನುತ್ತಿದ್ದಾರೆ. ಒಬ್ಬ ವೈರ್ ಕಿತ್ತಿಟ್ಟ, ಇನ್ನೊಬ್ಬ ಬೇರೆ ಗಿರಣಿಗೆ ಹೋದ. ಈ ಅಂಕವನ್ನು ನಂಬಬಹುದೇ? ಹಣ ಹಿಡಿಯುವುದು ಸರಿಯೇ? ಚಾಲಕನತ್ತ ಮುಖ ಮಾಡಿದ ಕ್ಯಾಮೆರಾ ಹಾಕಿಸಬೇಕೆ? ನಾಳೆ ಕೋರ್ಟಿನಲ್ಲಿ ಈ ದಾಖಲೆ ನಮಗೇ ಮುಳುವಾಗುತ್ತದೆಯೇ? ಒಂದು ವಾರದ ವರದಿಯನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನೀವು ಕೇಳಿದ ಪ್ರಶ್ನೆ ನಾಲ್ಕಾದರೂ ಒಳಗಿನ ಕಳವಳ ಒಂದೇ. ಇಷ್ಟು ವರ್ಷ ನಂಬಿದ ಮನುಷ್ಯನನ್ನು ನಂಬಬೇಕೋ, ಮೊನ್ನೆ ಬಂದ ಯಂತ್ರವನ್ನು ನಂಬಬೇಕೋ ಎಂಬುದು. ಲಾರಿ ಚಾಲಕರಿಗೂ ಮಾಲೀಕರಿಗೂ ಸುರಕ್ಷತೆಯ ತರಬೇತಿ ಕೊಡುವ ನನ್ನ ಕೆಲಸದಲ್ಲಿ ಈ ಭಾಗದ ಗಿರಣಿ, ಗ್ಯಾರೇಜುಗಳಲ್ಲಿ ಇದೇ ಪೇಚಾಟವನ್ನು ಮತ್ತೆ ಮತ್ತೆ ಕಾಣುತ್ತೇನೆ. ನಿಮ್ಮ ವರದಿಯನ್ನು ಸಾಲು ಸಾಲಾಗಿ ಓದಿದೆ. ಪೆಟ್ಟಿಗೆ ಸುಳ್ಳು ಹೇಳಿಲ್ಲ. ಆದರೆ ಅದು ಅಳೆದದ್ದೇ ಬೇರೆ, ಆ ಅಂಕದಲ್ಲಿ ನೀವು ಓದಿಕೊಂಡದ್ದೇ ಬೇರೆ. ಭತ್ತದ ತೇವ ನೋಡದೆ ತೂಕಕ್ಕಷ್ಟೇ ಬೆಲೆ ಕಟ್ಟಿದರೆ ಏನಾಗುತ್ತದೆಂದು ಗಿರಣಿಯವರಾದ ನಿಮಗೆ ನಾನು ಹೇಳಬೇಕಿಲ್ಲ. ದಾರಿ, ಹೊರೆ, ಹೊತ್ತು ಈ ಮೂರನ್ನೂ ಬಿಟ್ಟು ಅಂಕ ನೋಡಿದರೂ ಅದೇ ಆಗುತ್ತದೆ.

ಪೆಟ್ಟಿಗೆಯೊಳಗೆ ಇರುವುದು ಹೆಚ್ಚೇನಲ್ಲ. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಉಪಗ್ರಹದಿಂದ ತಿಳಿಯುವ ಜಿಪಿಎಸ್, ಗಾಡಿ ಎಷ್ಟು ಜೋರಾಗಿ ನಿಂತಿತು, ಹೊರಳಿತು ಎಂದು ಅಳೆಯುವ ಒಂದು ಚಿಕ್ಕ ಸಂವೇದಕ, ಮಾಹಿತಿ ಕಳುಹಿಸಲು ಒಂದು ಸಿಮ್. ಹೊಸ ಲಾರಿಗಳಲ್ಲಿ ಇದನ್ನು ಎಂಜಿನ್ನಿನ ಎಲೆಕ್ಟ್ರಾನಿಕ್ ವ್ಯವಸ್ಥೆಗೂ ಜೋಡಿಸಬಹುದು. ಆಗ ಎಂಜಿನ್ ಸುತ್ತು, ಡೀಸೆಲ್ ಖರ್ಚು ಕೂಡ ಸಿಗುತ್ತವೆ. ವೇಗ ಒಂದು ಸೆಕೆಂಡಿನಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಇಳಿದರೆ ಪೆಟ್ಟಿಗೆ ಅದನ್ನು ‘ಹಾರ್ಷ್ ಬ್ರೇಕಿಂಗ್’ ಎಂದು ಬರೆದುಕೊಳ್ಳುತ್ತದೆ. ನಿಮ್ಮ ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಮಿತಿ 0.25 ಜಿ ಎಂದಿದೆ. ಸರಳವಾಗಿ ಹೇಳುವುದಾದರೆ, ಒಂದೇ ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 9 ಕಿಲೋಮೀಟರಿನಷ್ಟು ಇಳಿದರೆ ಒಂದು ಗುರುತು ಬಿತ್ತು. ಲಾರಿ ತುಂಬಿದೆಯೋ ಖಾಲಿ ಇದೆಯೋ, ಮುಂದೆ ಬಂದದ್ದು ಹಂಪೋ ಮಗುವೋ ಅದಕ್ಕೆ ಗೊತ್ತಿಲ್ಲ.

ಈಗ ಕಾಕಾ ಅವರ ವಾರವನ್ನು ನೋಡಿ. ಗಕ್ಕನೆ ಬ್ರೇಕ್ ಹಾಕಿದ್ದು 19 ಸಲ ಎಂದಿದೆ. ಅದರಲ್ಲಿ 13 ಬಿದ್ದಿರುವುದು ಶ್ರೀರಾಮನಗರ ಮತ್ತು ಸಿದ್ದಾಪುರದ ನಡುವೆ, ಅದೂ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ. ಆ ಹೊತ್ತಿನಲ್ಲಿ ಆ ರಸ್ತೆಯ ಪಾಡು ನಿಮಗೆ ಗೊತ್ತೇ ಇದೆ. ಶಾಲೆಗೆ ಹೋಗುವ ಮಕ್ಕಳು, ಹೊಲಕ್ಕೆ ಹೊರಟ ಆಳುಗಳ ಆಟೋ, ಅಡ್ಡ ಬರುವ ಕುರಿಹಿಂಡು, ಸುಗ್ಗಿಯಾದರೆ ಅರ್ಧ ರಸ್ತೆಗೆ ಹರಡಿದ ಭತ್ತ. 13ರಲ್ಲಿ 9 ಸಲ ಗಾಡಿ ಕಾರಟಗಿ ಕಡೆಗೆ ಹೋಗುತ್ತಿತ್ತು, ಎಂದರೆ ಖಾಲಿ ಇತ್ತು. ಖಾಲಿ ಲಾರಿಯ ಪೆಡಲ್ ಮೇಲೆ ಅಷ್ಟೇ ಒತ್ತಿದರೂ ಗಾಡಿ ಹೆಚ್ಚು ಜೋರಾಗಿ ನಿಲ್ಲುತ್ತದೆ. ಬ್ರೇಕ್ ಹಾಕುವ ಮುಂಚಿನ ವೇಗದ ಅಂಕಣವನ್ನೂ ನೋಡಿ: ಬಹುಪಾಲು 30ರ ಕೆಳಗೆ. ಊರೊಳಗೆ 28ರಲ್ಲಿ ಹೋಗುತ್ತ ಕುರಿಯೊಂದು ನುಗ್ಗಿದಾಗ ಪಟ್ಟನೆ ನಿಲ್ಲಿಸಿದ ಚಾಲಕನಿಗೆ ನಾನಾದರೆ ಅಂಕ ಕೂಡಿಸುತ್ತೇನೆ, ಕಳೆಯುವುದಿಲ್ಲ.

ಇನ್ನೊಂದು ಸಂಗತಿ. ನೀವು ಕಳುಹಿಸಿದ ಫೋಟೋದಲ್ಲಿ ಕಾಕಾ ಅವರ ಹಳೆಯ ಲಾರಿಯ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೇಲೆ ಎರಡು ಬದಿಯ ಟೇಪ್‌ನಿಂದ ಅಂಟಿಸಲಾಗಿದೆ. ಏಪ್ರಿಲ್ ಬಿಸಿಲಿಗೆ ಆ ಟೇಪ್ ಮೆತ್ತಗಾದರೆ ಪೆಟ್ಟಿಗೆ ತಾನೇ ಅಲುಗಾಡಿ ಇಲ್ಲದ ಕುಲುಕಾಟವನ್ನು ಲೆಕ್ಕಕ್ಕೆ ತರುತ್ತದೆ. ಅದನ್ನು ಲೋಹದ ಭಾಗಕ್ಕೆ ಸ್ಕ್ರೂ ಹಾಕಿ ಬಿಗಿದು, ಕಂಪನಿಯವರಿಂದ ಮತ್ತೆ ದಿಕ್ಕು ಹೊಂದಿಸಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಆದರೆ ಹೊಂದಿಸಿ ಹೋದವರು ಮತ್ತೆ ಬರಲು ಮೂರು ವಾರ ಸತಾಯಿಸುತ್ತಾರೆ, ಬೆನ್ನು ಬೀಳಬೇಕು.

91 ಅಂಕದ ಹುಡುಗನ ಸಾಲುಗಳು ನನಗೆ ಹೆಚ್ಚು ಭಯ ಹುಟ್ಟಿಸಿದವು. ಮಂಗಳವಾರದ ಟ್ರಿಪ್ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೇ ಲಾರಿಯ ಎಂಜಿನ್ ಚಾಲೂ ಆಗಿದೆ, ಹೊಸಪೇಟೆಗೆ ಹೋಗಿ ಬಂದಿದೆ. ಮಧ್ಯಾಹ್ನ ಮೂರಕ್ಕೆ ಗಿರಣಿಯ ಅಂಗಳದೊಳಗೆ ಬಂದಿದೆ. ಹೊರಟದ್ದು ರಾತ್ರಿ 11.10ಕ್ಕೆ. ಬೆಳಗಿನ ಜಾವ ಐದಕ್ಕೆ ತುಮಕೂರು. ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಗಾಡಿ ಎಲ್ಲಿಯೂ ನಿಂತಿಲ್ಲ. ವೇಗ 80 ಮೀರಿಲ್ಲ, ಗಕ್ಕನೆ ಬ್ರೇಕ್ ಒಂದೂ ಇಲ್ಲ. ಪೆಟ್ಟಿಗೆ ಭೇಷ್ ಎಂದಿದೆ. ಮಧ್ಯಾಹ್ನ ಅವನು ಮಲಗಿದ್ದನೋ ಇಲ್ಲವೋ ಪೆಟ್ಟಿಗೆಗೆ ತಿಳಿಯದು. ಹಮಾಲರು ತುಂಬುವಾಗ ಚೀಲ ಎಣಿಸುವ ಕೆಲಸವೂ ಅವನ ತಲೆಗೇ ಬಿದ್ದಿದ್ದರೆ ಮಲಗಿರಲಾರ. ಮನುಷ್ಯ ಹದಿನೇಳು ಗಂಟೆ ನಿದ್ದೆಗೆಟ್ಟರೆ ಅವನ ಕೈಕಣ್ಣಿನ ಚುರುಕು ರಕ್ತದಲ್ಲಿ 0.05 ಶೇಕಡ ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದಿಂದಲೂ ಪ್ರಯೋಗಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಕುಡಿದು ಓಡಿಸುವುದಕ್ಕೆ ಮಿತಿ 0.03 ಶೇಕಡ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೇ ಆ ಹದಿನೇಳು ಗಂಟೆ ತುಂಬಿತ್ತು. ಅಲ್ಲಿಂದ ಅವನು ಸುಮಾರು 300 ಕಿಲೋಮೀಟರ್ ಓಡಿಸಿದ್ದಾನೆ.

ಅವನೇಕೆ ಮಧ್ಯದಲ್ಲಿ ನಿಲ್ಲಲಿಲ್ಲ? ಬೆಳಿಗ್ಗೆ ಏಳರೊಳಗೆ ಯಶವಂತಪುರದ ಮಾರುಕಟ್ಟೆ ಮುಟ್ಟದಿದ್ದರೆ ನಗರದೊಳಗೆ ಭಾರಿ ವಾಹನಗಳಿಗಿರುವ ನಿರ್ಬಂಧಕ್ಕೆ ಸಿಕ್ಕಿ ಅರ್ಧ ದಿನ ಹೊರವಲಯದಲ್ಲಿ ಕಾಯಬೇಕು. ಕಾದ ದಿನಕ್ಕೆ ಬತ್ತಾ ಇಲ್ಲ. ಇದು ನಿಮ್ಮ ಗಿರಣಿಯೊಂದರ ಪದ್ಧತಿಯಲ್ಲ, ಈ ಭಾಗದ ಬಹುತೇಕ ಕಡೆ ಹೀಗೆಯೇ ಇದೆ. ಆದರೆ ಗಮನಿಸಿ: ಮೂರಕ್ಕೆ ಅಂಗಳಕ್ಕೆ ಬಂದ ಲಾರಿ ಹೊರಡಲು ಎಂಟು ಗಂಟೆ ಹಿಡಿಯಿತು. ಆ ವಾರ ಬೆಂಗಳೂರಿಗೆ ಹೋದ ಬೇರೆ ಲಾರಿಗಳಲ್ಲಿಯೂ ಇದನ್ನೇ ಕಂಡೆ. ಒಂಬತ್ತರೊಳಗೆ ಹೊರಟವರೆಲ್ಲ ಚಿತ್ರದುರ್ಗ, ಹಿರಿಯೂರಿನ ಆಚೀಚೆ ಅರ್ಧ ಗಂಟೆಯಾದರೂ ನಿಂತಿದ್ದಾರೆ. ಹತ್ತೂವರೆಯ ಮೇಲೆ ಹೊರಟವರಾರೂ ನಿಂತಿಲ್ಲ. ನಿಮ್ಮ ಬಳಿ ಇರುವ ಮಾಹಿತಿಯಲ್ಲಿ ಅತ್ಯಂತ ಬೆಲೆಬಾಳುವುದು ಇದು, ಆದರೆ ಮಗನ ಮೊಬೈಲ್‌ಗೆ ಬರುವ ಅಂಕದೊಳಗೆ ಇದಕ್ಕೆ ಜಾಗವೇ ಇಲ್ಲ. ಲಾರಿ ಹೊರಡುವ ಹೊತ್ತು ಚಾಲಕನ ಕೈಯಲ್ಲಿಲ್ಲ. ಹಮಾಲರು, ಬಿಲ್ಲು, ತೂಕದ ಕಾಟಾ, ಕೊನೆಗೆ ಮಾಲೀಕರ ಸಹಿ, ಎಲ್ಲವೂ ಅವನಾಚೆಗಿನವು. ಆದ್ದರಿಂದ ಮಾಲೀಕರ ಮೊದಲ ಕೆಲಸ ಚಾಲಕರ ಅಂಕಪಟ್ಟಿ ನೋಡುವುದಲ್ಲ, ಲೋಡ್ ಮುಗಿಯುವ ಹೊತ್ತಿನ ಪಟ್ಟಿಯನ್ನು ಬರೆದಿಡುವುದು. ರಾತ್ರಿ ಒಂಬತ್ತಾದರೂ ಲೋಡ್ ಮುಗಿಯದ ಲಾರಿ ಬೆಳಿಗ್ಗೆ ನಾಲ್ಕರ ತನಕ ಗೇಟು ದಾಟಬಾರದು ಎಂದು ನಿಯಮ ಮಾಡಿ, ಅಂದಿನ ಬತ್ತಾ ಕೊಡಿ. ಇದರಿಂದ ತಿಂಗಳಿಗೆ ನಾಲ್ಕೈದು ಟ್ರಿಪ್ ತಡವಾಗುತ್ತದೆ, ವ್ಯಾಪಾರಿ ಗೊಣಗುತ್ತಾನೆ. ಆ ನಷ್ಟ ನಿಜವಾದದ್ದೇ, ಅದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡಲಾರೆ.

ಕಾನೂನೂ ಇದನ್ನೇ ಹೇಳುತ್ತದೆ. ಸಾರಿಗೆ ಕಾರ್ಮಿಕನಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಸತತ ಐದು ಗಂಟೆಯಾದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂಬ ನಿಯಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಬಂದಿದೆ. ಹುಡುಗನ ಆ ಟ್ರಿಪ್ ಅದನ್ನು ಮುರಿದಿದೆ, ಮತ್ತು ಮುರಿದ ಸಾಕ್ಷಿ ನಿಮ್ಮದೇ ಮೊಬೈಲ್‌ನಲ್ಲಿದೆ.

ವೇಗದ ವಿಷಯದಲ್ಲಿ ಕಂಪನಿಯವರು ಎಲ್ಲ ರಸ್ತೆಗೂ 80 ಎಂಬ ಒಂದೇ ಮಿತಿ ಇಟ್ಟಿದ್ದಾರೆ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ಸರಕು ವಾಹನಕ್ಕೆ 80 ಸಲ್ಲುವುದು ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ, ವಿಭಜಕವಿರುವ ಚತುಷ್ಪಥದಲ್ಲಿ. ಉಳಿದ ರಸ್ತೆಗಳಲ್ಲಿ 60. ಹಿಟ್ನಾಳದಾಚೆ ಹೆದ್ದಾರಿ ಸೇರುವ ತನಕ, ಕಾರಟಗಿ, ಸಿಂಧನೂರಿನ ದಾರಿಯುದ್ದಕ್ಕೂ ನಿಮ್ಮ ಪೆಟ್ಟಿಗೆ 75ರ ವೇಗವನ್ನು ಸುಮ್ಮನೆ ನೋಡಿಕೊಂಡಿದೆ. ಗಾಡಿಯ ವೇಗ 60ರಿಂದ 80ಕ್ಕೆ ಏರಿದರೆ ಗುದ್ದುವ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ; ಅದರಲ್ಲಿ ಹತ್ತರಲ್ಲಿ ಏಳು ಸಾವನ್ನು ಪೊಲೀಸ್ ದಾಖಲೆಗಳು ಅತಿವೇಗದ ಲೆಕ್ಕಕ್ಕೆ ಬರೆದಿವೆ. ಕಾರಣ ಹುಡುಕುವ ಗೋಜಿಗೆ ಹೋಗದೆ ಬರೆಯುವ ‘ಅತಿವೇಗ’ವೂ ಅದರಲ್ಲಿ ಸೇರಿದೆ ಎಂಬುದು ನನ್ನ ಅನುಮಾನ, ಆದರೂ ವೇಗವೇ ದೊಡ್ಡ ಕೊಲೆಗಾರ ಎಂಬುದರಲ್ಲಿ ಎರಡು ಮಾತಿಲ್ಲ. ರಸ್ತೆಗೆ ತಕ್ಕಂತೆ ಮಿತಿ ಬದಲಾಗುವಂತೆ ಹೊಂದಿಸಲು ಕಂಪನಿಗೆ ಹೇಳಿ. ಹೊಸಪೇಟೆ ಬಳಿಯ ಸುರಂಗದೊಳಗೆ ಉಪಗ್ರಹದ ಸಂಕೇತ ತಪ್ಪಿ ಹೊರಬಂದಾಗ ಗಾಡಿ ಹಾರಿದಂತೆ ತೋರಿಸಿ 110ರ ವೇಗ ಬರೆಯುವುದುಂಟು. ಸರ್ವಿಸ್ ರಸ್ತೆಯಲ್ಲಿದ್ದ ಗಾಡಿಯನ್ನು ಹೆದ್ದಾರಿಯ ಮೇಲಿಡುವುದೂ ಉಂಟು. ಅಂಥ ಸಾಲುಗಳನ್ನು ಹಿಡಿದು ಯಾರನ್ನೂ ಬೈಯಬೇಡಿ.

ನಿಮ್ಮ ಸುಗ್ಗಿಯ ಅಪಘಾತಕ್ಕೆ ಬರುತ್ತೇನೆ. ಆ ಲಾರಿಯಲ್ಲಿ ಈ ಪೆಟ್ಟಿಗೆ ಇದ್ದಿದ್ದರೆ ತಪ್ಪುತ್ತಿತ್ತೇ? ಲೆಕ್ಕ ಹಾಕಿ ನೋಡೋಣ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 25 ಮೀಟರ್. ಬ್ರೇಕ್ ಚೆನ್ನಾಗಿ ಹಿಡಿದರೂ ನಿಲ್ಲಲು ಇನ್ನೂ 28 ಮೀಟರ್. ಒಟ್ಟು 50 ಮೀಟರಿಗೂ ಹೆಚ್ಚು. ಎದುರು ಬರುವ ಗಾಡಿಗಾಗಿ ಲೈಟ್ ತಗ್ಗಿಸಿದಾಗ ದೀಪವಿಲ್ಲದ, ಮಣ್ಣು ಮೆತ್ತಿದ ಟ್ರೇಲರ್ ಅಷ್ಟು ದೂರಕ್ಕೆ ಕಾಣುವುದೇ ಅನುಮಾನ. ಚಾಲಕ ನಿಯಮದ ವೇಗದೊಳಗೇ ಇದ್ದ, ಹಿಂದಿನ ವಾರದ ಅವನ ಅಂಕವೂ ಚೆನ್ನಾಗಿಯೇ ಇರುತ್ತಿತ್ತು. ಪೆಟ್ಟಿಗೆ ಹಾಕಿದರೆ ಅಪಘಾತ ನಿಲ್ಲುತ್ತದೆ ಎಂದು ಮಾರುವವರು ಹೇಳುವ ಮಾತನ್ನು ಅಲ್ಲಿಗೇ ಬಿಡಿ.

ಹಾಗಾದರೆ ಪೆಟ್ಟಿಗೆಯಿಂದ ಉಪಯೋಗವೇ ಇಲ್ಲವೆ? ಇದೆ, ಆದರೆ ಅದರ ಜೊತೆಗೆ ಮನುಷ್ಯ ಕೂತು ಮಾತಾಡಿದಾಗ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಎನ್‌ಐಒಎಸ್‌ಎಚ್‌ನ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಚಾಲಕರನ್ನು ಗುಂಪು ಮಾಡಿ ನೋಡಿದರು. ಕ್ಯಾಬಿನ್ನಿನಲ್ಲಿ ಎಚ್ಚರಿಕೆಯ ದೀಪ ಮಾತ್ರ ಹೊತ್ತಿಸಿದ ಗುಂಪಿಗೂ ಏನೂ ಮಾಡದ ಗುಂಪಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ದೀಪದ ಜೊತೆಗೆ ಮೇಲ್ವಿಚಾರಕರು ವಿಡಿಯೋ ತೋರಿಸಿ ಚರ್ಚಿಸಿದ ಗುಂಪಿನಲ್ಲಿ ಅಪಾಯದ ಚಾಲನೆ ಗಣನೀಯವಾಗಿ ಇಳಿಯಿತು. ನನ್ನ ಅನುಭವವೂ ಅದೇ. ಪೆಟ್ಟಿಗೆ ಬಂದ ಮೊದಲ ತಿಂಗಳು ಎಲ್ಲರೂ ಹೆದರಿ ಮೆಲ್ಲಗೆ ಓಡಿಸುತ್ತಾರೆ. ಯಾರೂ ಏನೂ ಕೇಳುವುದಿಲ್ಲ ಎಂದು ತಿಳಿದ ಮೇಲೆ ಪೆಟ್ಟಿಗೆಯ ಎಚ್ಚರಿಕೆಯ ಬಝರಿಗೆ ಬಟ್ಟೆ ತುರುಕುತ್ತಾರೆ.

ಕೂತು ಮಾತಾಡುವುದಕ್ಕೂ ಒಂದು ರೀತಿ ಇದೆ. ಘಟನೆ ನಡೆದ ಎರಡು ಮೂರು ದಿನಗಳೊಳಗೆ, ಒಬ್ಬನನ್ನೇ ಕರೆದು, ಒಂದೇ ಘಟನೆಯನ್ನು ನಕಾಶೆಯಲ್ಲಿ ತೋರಿಸಿ ‘ಇಲ್ಲಿ ಏನಾಯಿತು?’ ಎಂದು ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ನಿಮ್ಮ ಮಗ ವಯಸ್ಸಿನಲ್ಲಿ ಚಿಕ್ಕವನು, ಲಾರಿ ಓಡಿಸಿದವನಲ್ಲ. ಅವನು ಕೇಳಿದರೆ ಅದು ವಿಚಾರಣೆ ಅನ್ನಿಸುತ್ತದೆ. ಕಾಕಾ ಅವರ ಪೆಟ್ಟಿಗೆಯನ್ನು ಸರಿಪಡಿಸಿ, ಅವರ 54ರ ಹಿಂದಿನ ಕತೆಯನ್ನು ನೀವೇ ಅವರಿಗೆ ಓದಿ ಹೇಳಿ, ಆಮೇಲೆ ಈ ಕೆಲಸವನ್ನು ಅವರಿಗೇ ವಹಿಸಬಹುದೇ ಎಂದು ಯೋಚಿಸಿ. ಅವರು ಒಪ್ಪದೆಯೂ ಇರಬಹುದು. ಜೊತೆಗಾರರ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದು ಹಿರಿಯ ಚಾಲಕರು ಹಿಂಜರಿಯುವುದನ್ನು ಕಂಡಿದ್ದೇನೆ. ಒತ್ತಾಯ ಬೇಡ. ಅಂಕಗಳ ಪಟ್ಟಿಯನ್ನು ಗೇಟಿನ ಗೋಡೆಗೆ ಅಂಟಿಸುವುದಂತೂ ಬೇಡವೇ ಬೇಡ.

ಹಣ ಹಿಡಿಯುವ ವಿಚಾರದಲ್ಲಿ ನನ್ನ ಉತ್ತರ ನೇರವಾಗಿದೆ: ಹಿಡಿಯಬೇಡಿ. ಕಾನೂನಿನ ಮಾತು ಮೊದಲು. ದಂಡ ಹಾಕಬೇಕೆಂದರೆ ಯಾವ ಯಾವ ತಪ್ಪಿಗೆ ಎಂಬುದಕ್ಕೆ ಮುಂಚಿತವಾಗಿ ಅನುಮೋದನೆ ಪಡೆದು ಪ್ರಕಟಿಸಿರಬೇಕು, ನೌಕರನಿಗೆ ಉತ್ತರಿಸುವ ಅವಕಾಶ ಕೊಡಬೇಕು, ಒಟ್ಟು ದಂಡ ಆ ಅವಧಿಯ ವೇತನದ ನೂರಕ್ಕೆ ಮೂರನ್ನು ಮೀರಬಾರದು. ಹಳೆಯ ವೇತನ ಪಾವತಿ ಕಾಯ್ದೆಯಲ್ಲೂ 2019ರ ವೇತನ ಸಂಹಿತೆಯಲ್ಲೂ ಇದೇ ಇದೆ. ಆದರೆ ಕಾನೂನಿಗಿಂತ ದೊಡ್ಡ ಕಾರಣ ಬೇರೆ. ಗಕ್ಕನೆ ಬ್ರೇಕ್ ಹಾಕಿದರೆ ನೂರು ರೂಪಾಯಿ ಹೋಗುತ್ತದೆ ಎಂದು ಗೊತ್ತಿರುವ ಚಾಲಕನ ಕಾಲು, ಬ್ರೇಕ್ ಒತ್ತಲೇಬೇಕಾದ ಆ ಒಂದು ಕ್ಷಣದಲ್ಲಿ ತಡವರಿಸಬಹುದು. ಬ್ರೇಕಿಗೆ ಬದಲು ಸ್ಟೀರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಲು ನೋಡಬಹುದು. ಇಪ್ಪತ್ತು ಟನ್ ಹೊತ್ತ ಲಾರಿ ಮಗುಚುವುದು ಹಾಗೆಯೇ. ಹಣ ಕೊಡುವ ದಾರಿಯೂ ಪೂರ್ತಿ ನಿರಪಾಯವಲ್ಲ. ಅಂಕಕ್ಕೆ ಬಹುಮಾನ ಇಟ್ಟರೆ ಸುಲಭದ ಚತುಷ್ಪಥದವನೇ ತಿಂಗಳು ತಿಂಗಳೂ ಗೆಲ್ಲುತ್ತಾನೆ, ಕಾರಟಗಿ ದಾರಿಯವನು ಸೋಲುತ್ತಲೇ ಇರುತ್ತಾನೆ. ಕೊಡುವುದಿದ್ದರೆ ಚಾಲಕನ ಕೈಯಲ್ಲಿರುವ ಕೆಲಸಕ್ಕೆ ಕೊಡಿ: ಅರ್ಧ ಗಂಟೆ ನಿಂತದ್ದಕ್ಕೆ, ಊರೊಳಗೆ ವೇಗ ತಗ್ಗಿಸಿದ್ದಕ್ಕೆ, ಸೀಟ್ ಬೆಲ್ಟ್ ಹಾಕಿದ್ದಕ್ಕೆ. ಚಾಲಕನನ್ನು ಇನ್ನೊಬ್ಬನ ಜೊತೆ ಹೋಲಿಸದೆ ಅವನದೇ ಹಿಂದಿನ ತಿಂಗಳ ಜೊತೆ ಹೋಲಿಸಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎಂಜಿನ್ನಿಗೆ ಜೋಡಿಸಿರುವ ನಿಮ್ಮ ಎರಡು ಹೊಸ ಲಾರಿಗಳ ವರದಿಯಲ್ಲಿ ಯಾರೂ ನೋಡದ ಅಂಕಣವೊಂದಿದೆ. ಕೆಲವು ಇಳಿಜಾರುಗಳಲ್ಲಿ ವೇಗ 70, ಎಂಜಿನ್ ಸುತ್ತು 600 ಎಂದಿದೆ. ಅಂದರೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಉರುಳಲು ಬಿಟ್ಟಿದ್ದಾರೆ. ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಕ್ಲೀನರ್ ಆಗಿದ್ದಾಗಲೇ ಅವರ ತಲೆಗೆ ಹೋಗಿರುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ, ಬಿಎಸ್-6 ಎಂಬ ಹೊಗೆ ಮಾನದಂಡದ ಎಂಜಿನ್‌ಗಳಲ್ಲಿ ಇದು ತಲೆಕೆಳಗು: ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಡೀಸೆಲ್ ಹರಿಯುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಉಳಿಸಲು ಡೀಸೆಲ್ ಉರಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಹಿಡಿತ ತಪ್ಪಿದ ಭಾರವೆಲ್ಲ ಬ್ರೇಕ್ ಡ್ರಮ್‌ಗಳ ಮೇಲೆ ಬೀಳುತ್ತದೆ. ಡ್ರಮ್ ಕಾದರೆ ಲೈನರ್ ಹಿಡಿಯುವುದಿಲ್ಲ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಚಾಲಕರನ್ನು ಕರೆದು ಹೇಳಬೇಕಾದ ವಿಷಯ ಈ ವಾರಕ್ಕೆ ಒಂದೇ ಇದ್ದರೆ ಇದನ್ನೇ ಹೇಳಿ.

ಕ್ಯಾಮೆರಾ ಬಗ್ಗೆ. ರಸ್ತೆಯತ್ತ ಮುಖ ಮಾಡಿದ ಕ್ಯಾಮೆರಾವನ್ನು ಧಾರಾಳವಾಗಿ ಹಾಕಿಸಿ. ಅದು ಚಾಲಕನ ಪರ ಸಾಕ್ಷಿ ಹೇಳುವುದೇ ಹೆಚ್ಚು, ಮತ್ತು ಗುದ್ದಿದರೆ ತಪ್ಪು ದೊಡ್ಡ ಗಾಡಿಯದೇ ಎಂಬ ಬೀದಿಯ ತೀರ್ಪಿಗೆ ಎದುರಾಗಿ ನಿಲ್ಲುತ್ತದೆ. ಚಾಲಕನ ಮುಖ ನೋಡುವ ಕ್ಯಾಮೆರಾ ಬೇರೆ ಮಾತು. ಕಣ್ಣು ಮುಚ್ಚಿದ್ದು, ಮೊಬೈಲ್ ಹಿಡಿದದ್ದು ಅದಕ್ಕೆ ಕಾಣುತ್ತದೆ, ನಿಮ್ಮ ರಾತ್ರಿಯ ಓಟಕ್ಕೆ ಇದು ಉಪಯುಕ್ತವೇ. ಆದರೆ ಕಪ್ಪು ಕನ್ನಡಕ, ತಲೆಗೆ ಸುತ್ತಿದ ಟವೆಲ್, ಎದುರು ಬಿಸಿಲು ಇವುಗಳಿಂದ ಸುಳ್ಳು ಎಚ್ಚರಿಕೆ ಬರುತ್ತಲೇ ಇರುತ್ತವೆ. ಇನ್ನೂ ಒಂದು ಸಂಗತಿಯನ್ನು ಕಚೇರಿಯಲ್ಲಿ ಕುಳಿತವರು ಮರೆಯುತ್ತಾರೆ: ಲಾರಿಯ ಕ್ಯಾಬಿನ್ ಚಾಲಕನ ಮಲಗುವ ಕೋಣೆ. ಅಲ್ಲೇ ಉಣ್ಣುತ್ತಾನೆ, ಅಲ್ಲೇ ಬಟ್ಟೆ ಬದಲಿಸುತ್ತಾನೆ, ಹೆಂಡತಿಯ ಜೊತೆ ಫೋನಿನಲ್ಲಿ ಜಗಳವನ್ನೂ ಅಲ್ಲೇ ಆಡುತ್ತಾನೆ. ಎಂಜಿನ್ ಆರಿದೊಡನೆ ಕ್ಯಾಮೆರಾ ಆರಬೇಕು, ಮಾತು ದಾಖಲಾಗಬಾರದು, ನಿರಂತರವಾಗಿ ನೋಡುವ ಸೌಲಭ್ಯ ಯಾರಿಗೂ ಇರಬಾರದು. ಘಟನೆಯ ಹಿಂದುಮುಂದಿನ ಕೆಲವು ಸೆಕೆಂಡುಗಳ ತುಣುಕು ಮಾತ್ರ ಸಾಕು. ಇದನ್ನು ಕನ್ನಡದಲ್ಲಿ ಬರೆದು, ಚಾಲಕರಿಗೆ ಓದಿ ಹೇಳಿ, ಒಂದು ಪ್ರತಿ ಕೊಡಿ. ನೌಕರರ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಸಂಗ್ರಹಿಸಿದಿರೋ ಅದಕ್ಕಷ್ಟೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಧಾಟಿ ಕೂಡ. ವೈರ್ ಕಿತ್ತವನನ್ನು ತೆಗೆದುಹಾಕುವ ಮುಂಚೆ ಅವನ ಪೆಟ್ಟಿಗೆಯ ಬಝರ್ ಗಂಟೆಗೆ ಎಷ್ಟು ಸಲ ಕಿರುಚುತ್ತಿತ್ತು ಎಂದು ನೋಡಿ. ವರದಿಯ ಪ್ರಕಾರ ಹಂಪು ದಾಟಿದಾಗಲೆಲ್ಲ ಕಿರುಚಿದೆ. ನಾನಿದ್ದರೂ ಕೀಳುತ್ತಿದ್ದೆ.

ಸರ್ಕಾರದ ನಿಯಮದಂತೆ ಹಾಕಿಸುವ, ಎಐಎಸ್-140 ಎಂಬ ಮಾನದಂಡದ, ತುರ್ತು ಗುಂಡಿಯಿರುವ ಪೆಟ್ಟಿಗೆಯೇ ಇದಕ್ಕೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಅದು ಗಾಡಿ ಎಲ್ಲಿದೆ ಎಂದು ಹೇಳಲು ಇರುವುದು. ಬಳ್ಳಾರಿ, ಸಂಡೂರಿನ ಅದಿರು ಲಾರಿಗಳಿಗೆ ಜಿಪಿಎಸ್ ಬಂದದ್ದೂ 2011ರ ನಂತರ ಕಳ್ಳಸಾಗಣೆಯ ಮೇಲೆ ಕಣ್ಣಿಡಲು. ಚಾಲಕ ನಿದ್ದೆಗೆಟ್ಟಿದ್ದಾನೆಯೇ ಎಂದು ಯಾರೂ ಅದರಲ್ಲಿ ಹುಡುಕಲಿಲ್ಲ.

ಕೋರ್ಟಿನ ಭಯ ಅರ್ಧ ಸರಿ. ಅಪಘಾತವಾದರೆ ತನಿಖೆಯಲ್ಲಿ, ಪರಿಹಾರದ ಮೊಕದ್ದಮೆಯಲ್ಲಿ ಈ ದಾಖಲೆಯನ್ನು ಕೇಳಬಹುದು, ಎಲೆಕ್ಟ್ರಾನಿಕ್ ಸಾಕ್ಷ್ಯವಾಗಿ ಅದಕ್ಕೆ ಮಾನ್ಯತೆ ಇದೆ. ನಿಮ್ಮ ಚಾಲಕ 45ರಲ್ಲಿದ್ದ ಎಂದು ಅದು ತೋರಿಸಿದರೆ ನಿಮಗೆ ಆಸರೆ. ಒಬ್ಬನೇ ಚಾಲಕ ತಿಂಗಳುಗಟ್ಟಲೆ ಅತಿವೇಗದಲ್ಲಿ ಹೋದದ್ದು ದಿನಾ ನಿಮ್ಮ ಮೊಬೈಲ್‌ಗೆ ಬರುತ್ತಿದ್ದರೂ ನೀವು ಒಂದು ಮಾತೂ ಆಡಿರಲಿಲ್ಲ ಎಂದಾದರೆ, ಎದುರು ವಕೀಲರಿಗೆ ಅದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿಲ್ಲ. ಆದ್ದರಿಂದ ಚಾಲಕರ ಜೊತೆ ಮಾತಾಡಿದ್ದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿ. ಅಪಘಾತದ ನಂತರ ಮಾಹಿತಿ ಅಳಿಸುವ ಯೋಚನೆಯೂ ಸುಳಿಯಬಾರದು. ಕಂಪನಿಯ ಸರ್ವರ್‌ನಲ್ಲಿ ಪ್ರತಿ ಇರುತ್ತದೆ, ಅಳಿಸಿದ್ದೇ ಬೇರೆ ಅಪರಾಧವಾಗುತ್ತದೆ.

ಇನ್ನು ನೀವು ಕೇಳದ, ಆದರೆ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸ. ಕಾಕಾ ಅವರ 13 ಬ್ರೇಕುಗಳಲ್ಲಿ 6 ಒಂದೇ ತಿರುವಿನಲ್ಲಿ ಬಿದ್ದಿವೆ, ನಿಮ್ಮ ಉಳಿದ ಭತ್ತದ ಲಾರಿಗಳೂ ಅಲ್ಲೇ ಮುಗ್ಗರಿಸಿವೆ. ಹಾಗಿದ್ದರೆ ತಪ್ಪು ತಿರುವಿನದು. ನಾಗಪುರದಲ್ಲಿ 2021ರಲ್ಲಿ ಶುರುವಾದ ಐರಾಸ್ತೆ ಎಂಬ ಯೋಜನೆಯಲ್ಲಿ ನಗರ ಬಸ್ಸುಗಳ ಎಚ್ಚರಿಕೆಯ ಸಾಧನಗಳು ಕೊಟ್ಟ ಮಾಹಿತಿಯಿಂದಲೇ, ಇನ್ನೂ ಅಪಘಾತವಾಗದ ಆದರೆ ಆಗಲಿರುವ ಜಾಗಗಳನ್ನು ಗುರುತಿಸುವ ಪ್ರಯತ್ನ ನಡೆಯಿತು. ನಿಮ್ಮ ಆ ತಿರುವಿನ ನಕಾಶೆಯನ್ನು ಮುದ್ರಿಸಿ, ಪಕ್ಕದ ಗಿರಣಿಗಳವರ ಸಹಿಯನ್ನೂ ಪಡೆದು ಲೋಕೋಪಯೋಗಿ ಇಲಾಖೆಗೂ ಸಂಚಾರ ಪೊಲೀಸರಿಗೂ ಕೊಡಿ. ಉತ್ತರ ಬರಲು ಕಾಲ ಹಿಡಿದೀತು. ಅಷ್ಟರೊಳಗೆ ಕಾಯದೆ ಮಾಡಬಹುದಾದದ್ದೂ ಇದೆ: ದೀಪವಿಲ್ಲದೆ ರಾತ್ರಿ ಓಡಾಡುವ ಆ ಟ್ರೇಲರ್‌ಗಳು ಸುಗ್ಗಿಯಲ್ಲಿ ಬಂದು ಸಾಲುಗಟ್ಟುವುದು ನಿಮ್ಮಂಥವರ ಗಿರಣಿಯ ಗೇಟಿನ ಮುಂದೆಯೇ. ತೂಕಕ್ಕೆ ನಿಂತ ಹೊತ್ತಿನಲ್ಲಿ ಹಿಂಬದಿಯ ಮಣ್ಣು ಒರೆಸಿ ಕೆಂಪು ಪ್ರತಿಫಲಕ ಟೇಪ್ ಅಂಟಿಸಲು ಒಬ್ಬ ಹುಡುಗನನ್ನು ನಿಲ್ಲಿಸಿ. ನಿಮ್ಮ ಪೆಟ್ಟಿಗೆಗಳ ಒಂದು ವರ್ಷದ ಚಂದಾದ ಮುಂದೆ ಆ ಟೇಪಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಚಂದಾ ನವೀಕರಿಸುವ ಮುನ್ನ ಕಂಪನಿಯವರಿಗೆ ಮೂರು ಬೇಡಿಕೆ ಇಡಿ. ಅಂಕ ಮಾತ್ರವಲ್ಲದೆ ಅದರ ಹಿಂದಿನ ಕಚ್ಚಾ ಮಾಹಿತಿಯನ್ನು ನೀವು ಇಳಿಸಿಕೊಳ್ಳಲು ಸಾಧ್ಯವಾಗಬೇಕು. ಬ್ರೇಕ್ ಮತ್ತು ವೇಗದ ಮಿತಿಗಳನ್ನು ರಸ್ತೆ, ಹೊರೆಗೆ ತಕ್ಕಂತೆ ಬದಲಿಸಲು ಬರಬೇಕು. ಸತತ ಚಾಲನೆಯ ಗಂಟೆಗಳು ಅಂಕದೊಳಗೆ ಸೇರಬೇಕು. ವೇಗವನ್ನು ಎಷ್ಟು ಸೆಕೆಂಡಿಗೊಮ್ಮೆ ದಾಖಲಿಸುತ್ತೀರಿ ಎಂದೂ ಕೇಳಿ. ಹತ್ತು ಸೆಕೆಂಡಿಗೊಮ್ಮೆ ಎಂದರೆ ಆ ನಡುವೆ 60ರ ಗಾಡಿ 160 ಮೀಟರಿಗೂ ಹೆಚ್ಚು ಓಡಿರುತ್ತದೆ, ಅಂಥ ಮಾಹಿತಿಯಿಂದ ಬ್ರೇಕಿನ ಲೆಕ್ಕ ಕಟ್ಟಲಾಗದು. ಇಷ್ಟಕ್ಕೂ ಅವರು ಒಪ್ಪದಿದ್ದರೆ ಬೇರೆ ಕಂಪನಿ ನೋಡಿ. ನಿಮ್ಮ ಎರಡು ಹೊಸ ಲಾರಿಗಳಿಗಾದರೋ ತಯಾರಕರದೇ ವ್ಯವಸ್ಥೆ ಗಾಡಿಯ ಜೊತೆಗೇ ಬಂದಿರುವ ಸಾಧ್ಯತೆ ಇದೆ. ಷೋರೂಮಿನಲ್ಲಿ ವಿಚಾರಿಸಿ, ಒಂದೇ ಗಾಡಿಗೆ ಎರಡೆರಡು ಚಂದಾ ಕಟ್ಟುತ್ತಿರಬಹುದು.